ಉಂಟು (ಕ್ರಿಯಾಪದ)

ಉಂಟು ಕನ್ನಡದ ಒಂದು ಅಪೂರ್ಣ ಕ್ರಿಯಾಪದ. ‘ಇದೆ’ ಎಂಬುದು ಇದರ ಮುಖ್ಯ ಅರ್ಥ. ಪುರುಷ, ಲಿಂಗ, ವಚನ ಯಾವುದು ಬದಲಾದರೂ ಇದರ ರೂಪ ಬದಲಾಗುವುದಿಲ್ಲ. ಭೂತ, ಭವಿಷ್ಯತ್ ರೂಪಗಳೂ ಇದಕ್ಕಿಲ್ಲ. ಹಳಗನ್ನಡದ ಉಳ್ ಧಾತುವಿಗೆ ಒಂದು ಕಾಲದಲ್ಲಿ ಇದ್ದ ಒಂಬತ್ತು ರೂಪಗಳ ಪೈಕಿ ಇವತ್ತಿಗೂ ಸ್ವತಂತ್ರ ಕ್ರಿಯಾಪದವಾಗಿ ಚಲಾವಣೆಯಲ್ಲಿರುವುದು ಇದೊಂದೇ. ಮೈಸೂರು, ಬೆಂಗಳೂರು, ಧಾರವಾಡ ಕಡೆಯ ಆಡುಮಾತಿನಲ್ಲಿ ಉಂಟು ಅಪರೂಪ. ಒತ್ತು ಕೊಟ್ಟು ಹೇಳುವಾಗಲೋ ಅಚ್ಚರಿ ಪಡುವಾಗಲೋ ಮಾತ್ರ ಅಲ್ಲಿ ಕೇಳಿಸುತ್ತದೆ. ದಕ್ಷಿಣ ಕನ್ನಡ ಜಿಲ್ಲೆಯಲ್ಲಿ, ಅದರಲ್ಲೂ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ತಾಲೂಕುಗಳಲ್ಲಿ ಮಾತ್ರ ಇದು ಅಂಗಡಿ, ಬಸ್ಸು, ಶಾಲೆ, ದೇವಸ್ಥಾನಗಳಲ್ಲಿ ಬೆಳಗಿನಿಂದ ರಾತ್ರಿವರೆಗೂ ಬಳಕೆಯಾಗುವ ಸಾಮಾನ್ಯ ಮಾತು. ಈ ಸೀಮೆಯ ಬಹುಪಾಲು ಜನರ ಮನೆಮಾತಾದ ತುಳುವಿನಲ್ಲಿ ಅದೇ ಧಾತುವಿನ ರೂಪಗಳು ಹೆಚ್ಚುಕಡಿಮೆ ಪೂರ್ತಿಯಾಗಿ ಉಳಿದುಕೊಂಡಿರುವುದು ಇದಕ್ಕೆ ಕಾರಣ.

ಧಾತು ಮತ್ತು ವ್ಯುತ್ಪತ್ತಿ

ಉಂಟು ಎಂಬ ರೂಪ ಉಳ್ ಧಾತುವಿಗೆ ನಪುಂಸಕಲಿಂಗ ಏಕವಚನದ ತು ಪ್ರತ್ಯಯ ಸೇರಿ ಆದುದು. ಒಳ್ಳಿತು, ಆಯಿತು ಮುಂತಾದ ಪದಗಳ ಕೊನೆಯಲ್ಲಿ ಕಾಣುವ ತು ಇದೇ. ಳಕಾರದ ಮುಂದೆ ತಕಾರ ಬಂದಾಗ ಎರಡೂ ಸೇರಿ ಮೂರ್ಧನ್ಯವಾಗಿ, ಅನುನಾಸಿಕದೊಡನೆ ‘ಂಟ’ ಆಗುತ್ತದೆ. ಕೊಳ್ ಧಾತುವಿಗೆ ದು ಸೇರಿದಾಗ ‘ಕೊಂಡು’ ಆಗುವುದು ಇದೇ ಜಾತಿಯ ಮಾರ್ಪಾಟು.

ಇಲ್ಲಿ ಗಮನಿಸಬೇಕಾದ ಅಂಶವೆಂದರೆ ಧಾತುವಿಗೂ ಲಿಂಗವಚನ ಪ್ರತ್ಯಯಕ್ಕೂ ನಡುವೆ ಕಾಲವನ್ನು ಸೂಚಿಸುವ ಪ್ರತ್ಯಯ ಇಲ್ಲದಿರುವುದು. ‘ಬಂದನು’ ಎಂಬಲ್ಲಿ ಭೂತಕಾಲದ ದ, ‘ಬರುವನು’ ಎಂಬಲ್ಲಿ ಭವಿಷ್ಯತ್ತಿನ ವ ಸ್ಪಷ್ಟವಾಗಿ ಕಾಣುತ್ತವೆ. ಉಂಟು ಎಂಬಲ್ಲಿ ಅಂಥದ್ದೇನೂ ಇಲ್ಲ. ಆದ್ದರಿಂದ ಇದು ಇರವನ್ನು ಹೇಳುತ್ತದೆಯೇ ಹೊರತು ಆ ಇರವು ಯಾವಾಗಿನದು ಎಂದು ಹೇಳುವುದಿಲ್ಲ. ಉಂಟು ಎಂಬುದಕ್ಕೆ ಭೂತಕಾಲ ಹುಟ್ಟದೇ ಹೋದದ್ದು ಈ ರಚನೆಯಿಂದ. ಇದರ ನಿಷೇಧಾರ್ಥದ ಜೊತೆಗಾರ ‘ಇಲ್ಲ’ ಕೂಡ ಇಂಥದ್ದೇ ಕಾಲರಹಿತ ರೂಪ. ಬೇಕು, ಬೇಡ, ಸಾಕು, ಅಲ್ಲ, ಬಲ್ಲ, ಒಲ್ಲ ಇವೂ ಒಂದಲ್ಲ ಒಂದು ಬಗೆಯಲ್ಲಿ ರೂಪ ಕಡಿಮೆ ಇರುವ ಕ್ರಿಯಾಪದಗಳೇ. ತಮಿಳು ವ್ಯಾಕರಣ ಪರಂಪರೆ, ಕಾಲವನ್ನು ನೇರವಾಗಿ ತೋರಿಸದ ಇಂಥ ಕ್ರಿಯೆಗಳನ್ನು ‘ಕುರಿಪ್ಪು ವಿನೈ’ ಎಂದು ಪ್ರತ್ಯೇಕವಾಗಿ ಗುರುತಿಸಿದೆ.

ದ್ರಾವಿಡ ಭಾಷೆಗಳಲ್ಲಿ ಈ ಧಾತು ವ್ಯಾಪಕವಾಗಿದೆ. ತಮಿಳಿನ ಉಂಡು, ಮಲಯಾಳದ ಉಂಡ್, ತುಳುವಿನ ಉಂಡು, ಕನ್ನಡದ ಉಂಟು ಒಂದೇ ಮೂಲದವು. ತೆಲುಗಿನ ಉಂಡು ಮಾತ್ರ ಪೂರ್ಣ ಕ್ರಿಯಾಪದವಾಗಿ ಬೆಳೆದು ‘ಇರು’, ‘ತಂಗು’ ಎಂಬ ಅರ್ಥಗಳಲ್ಲಿ ಎಲ್ಲ ಕಾಲಗಳಲ್ಲೂ ನಡೆಯುತ್ತದೆ. ಬರೋ ಮತ್ತು ಎಮಿನೋ ಅವರ ದ್ರಾವಿಡ ವ್ಯುತ್ಪತ್ತಿ ನಿಘಂಟು (1961, ಪರಿಷ್ಕೃತ ಮುದ್ರಣ 1984) ಇವನ್ನು ಒಟ್ಟಿಗೆ ಕೊಟ್ಟಿದೆ.

ಹಳಗನ್ನಡದ ರೂಪಾವಳಿ

ಹಳಗನ್ನಡದಲ್ಲಿ ಉಳ್ ಧಾತು ಪುರುಷ, ಲಿಂಗ, ವಚನಗಳಿಗೆ ತಕ್ಕಂತೆ ಹೀಗೆ ನಡೆಯುತ್ತಿತ್ತು:

ಉತ್ತಮ ಪುರುಷ: ಒಳೆಂ (ನಾನು ಇದ್ದೇನೆ), ಒಳೆವು (ನಾವು ಇದ್ದೇವೆ)
ಮಧ್ಯಮ ಪುರುಷ: ಒಳಯ್ (ನೀನು ಇದ್ದೀಯೆ), ಒಳಿರ್ (ನೀವು ಇದ್ದೀರಿ)
ಪ್ರಥಮ ಪುರುಷ, ಪುಲ್ಲಿಂಗ: ಒಳಂ (ಅವನು ಇದ್ದಾನೆ)
ಪ್ರಥಮ ಪುರುಷ, ಸ್ತ್ರೀಲಿಂಗ: ಒಳಳ್ (ಅವಳು ಇದ್ದಾಳೆ)
ಪ್ರಥಮ ಪುರುಷ, ಪುಂ-ಸ್ತ್ರೀ ಬಹುವಚನ: ಒಳರ್ (ಅವರು ಇದ್ದಾರೆ)
ನಪುಂಸಕಲಿಂಗ: ಉಂಟು (ಅದು ಇದೆ), ಒಳವು (ಅವು ಇವೆ)

ಧಾತುವಿನ ಉಕಾರ, ಮುಂದೆ ಅ, ಎ ಸ್ವರಗಳು ಬಂದಾಗ ಒಕಾರವಾಗಿ ಇಳಿದಿರುವುದನ್ನೂ ಉಂಟು ಎಂಬಲ್ಲಿ ಮಾತ್ರ ಉಕಾರ ಹಾಗೆಯೇ ನಿಂತಿರುವುದನ್ನೂ ಇಲ್ಲಿ ನೋಡಬಹುದು. ಉಳ್ಳ ಎಂಬ ಕೃದಂತ, ಉಳ್ಳುದು ಎಂಬ ಭಾವರೂಪ ಇವೂ ಈ ಧಾತುವಿನವೇ.

ಇದರ ಜೊತೆಯಲ್ಲಿಯೇ ಇರ್ ಧಾತುವೂ ಇತ್ತು. ಅದರ ಮೂಲ ಅರ್ಥ ನಿಲ್ಲು, ತಂಗು, ಉಳಿದುಕೊಳ್ಳು. ಎಲ್ಲ ಕಾಲಗಳಲ್ಲೂ ನಡೆಯಬಲ್ಲ ಧಾತುವಾದ್ದರಿಂದ ಇರ್ ನಿಧಾನವಾಗಿ ಉಳ್ ಧಾತುವಿನ ಜಾಗವನ್ನು ಆಕ್ರಮಿಸಿತು. ಒಳೆಂ, ಒಳರ್, ಒಳವು ಬಳಕೆ ತಪ್ಪಿದವು. ಉಂಟು ಒಂದೇ ಉಳಿಯಿತು. ಉಳಿದ ಮೇಲೆ ನಪುಂಸಕಲಿಂಗದ ಗಡಿ ದಾಟಿ, ವ್ಯಕ್ತಿಗಳನ್ನು ಕುರಿತೂ ಬಹುವಚನದಲ್ಲೂ ಬರತೊಡಗಿತು. ‘ಅಂಥವರುಂಟೆ?’ ಎಂಬ ಪ್ರಯೋಗ ನಡುಗನ್ನಡದಲ್ಲಿ ಸಹಜ. ತಮಿಳಿನಲ್ಲೂ ಹೀಗೆಯೇ ಆಯಿತು. ಗಂಗ ಅರಸ ಸೀಯಗಂಗನ ಆಶ್ರಯದಲ್ಲಿದ್ದ ಜೈನ ವ್ಯಾಕರಣಕಾರ ಪವಣಂದಿ 13ನೆಯ ಶತಮಾನದ ತನ್ನ ‘ನನ್ನೂಲ್’ ಗ್ರಂಥದಲ್ಲಿ ಇಲ್ಲೈ, ಉಂಡು ಮೊದಲಾದವು ಮೂರು ಪುರುಷಗಳಿಗೂ ಎಲ್ಲ ಲಿಂಗವಚನಗಳಿಗೂ ಸಮಾನ ಎಂದು ಸೂತ್ರ ಹೇಳಿದ್ದಾನೆ.

ಹಳೆಯ ರೂಪಾವಳಿ ಅಳಿದು ಒಂದೇ ರೂಪ ಉಳಿಯುವುದು ಲೋಕದ ಇತರ ಭಾಷೆಗಳಲ್ಲೂ ಕಾಣುವ ಸಂಗತಿ. ಇಂಗ್ಲಿಷಿನ ‘ಕ್ವೋಥ್’ ಇಂಥದ್ದು. ‘ಎಂದನು’ ಎಂಬ ಅರ್ಥದ ಈ ಕ್ರಿಯಾಪದಕ್ಕೆ ಭೂತಕಾಲದ ಒಂದು ರೂಪ ಬಿಟ್ಟರೆ ಇನ್ನೇನೂ ಉಳಿದಿಲ್ಲ. ಎಡ್ಗರ್ ಅಲನ್ ಪೋನ ‘ದಿ ರೇವನ್’ (1845) ಕವಿತೆಯಿಂದಾಗಿಯೇ ಇಂದಿನ ಬಹುಪಾಲು ಓದುಗರಿಗೆ ಅದರ ಪರಿಚಯ. ವ್ಯತ್ಯಾಸ ಇಷ್ಟೆ: ಕ್ವೋಥ್ ಪುಸ್ತಕದಲ್ಲಿ ಮಾತ್ರ ಉಳಿಯಿತು, ಉಂಟು ಬಾಯಿಮಾತಿನಲ್ಲಿಯೂ ಉಳಿಯಿತು.

ವ್ಯಾಕರಣಗಳು ಮತ್ತು ನಿಘಂಟುಗಳು

ಕನ್ನಡ ಕ್ರಿಯಾಪದಗಳ ಶಾಸ್ತ್ರೀಯ ವಿವೇಚನೆಗೆ ಆಧಾರವಾದ ಗ್ರಂಥ ಕೇಶಿರಾಜನ ‘ಶಬ್ದಮಣಿದರ್ಪಣ’ (ಸು. 1260). ಅದರ ಎಂಟು ಪ್ರಕರಣಗಳಲ್ಲಿ ಆಖ್ಯಾತ ಮತ್ತು ಧಾತು ಪ್ರಕರಣಗಳು ಕ್ರಿಯಾರೂಪಗಳಿಗೇ ಮೀಸಲು. ಭಟ್ಟಾಕಳಂಕನ ‘ಕರ್ಣಾಟಕ ಶಬ್ದಾನುಶಾಸನ’ (1604) ಇದೇ ವಿಷಯವನ್ನು ಸಂಸ್ಕೃತ ಸೂತ್ರಗಳಲ್ಲಿ ನಿರೂಪಿಸುತ್ತದೆ. ಇಬ್ಬರೂ ಜೈನರು. ಇಂಥ ಗ್ರಂಥಗಳನ್ನು ಓಲೆಗರಿಯಲ್ಲಿ ನಕಲು ಮಾಡಿ ಕಾಪಾಡಿಕೊಂಡು ಬಂದ ಜೈನ ಕೇಂದ್ರಗಳಲ್ಲಿ ಮೂಡುಬಿದಿರೆಗೆ ದೊಡ್ಡ ಸ್ಥಾನವಿದೆ. ಅಲ್ಲಿನ ಮಠ ಮತ್ತು ಬಸದಿಗಳ ಓಲೆಗ್ರಂಥಗಳನ್ನು ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು ಪರಿಶೀಲಿಸಿ ಸಿದ್ಧಪಡಿಸಿದ ತಾಡಪತ್ರೀಯ ಗ್ರಂಥಸೂಚಿಯನ್ನು 1948ರಲ್ಲಿ ಕಾಶಿಯ ಭಾರತೀಯ ಜ್ಞಾನಪೀಠ ಪ್ರಕಟಿಸಿತು.

ಅಚ್ಚಿನ ಯುಗದಲ್ಲಿ ಈ ಧಾತುವಿನ ಅಧ್ಯಯನಕ್ಕೆ ಕೇಂದ್ರವಾದದ್ದು ಮಂಗಳೂರಿನ ಬಾಸೆಲ್ ಮಿಷನ್ ಮುದ್ರಣಾಲಯ. 1872ರಲ್ಲಿ ಅಲ್ಲಿಂದ ಎರಡು ಪುಸ್ತಕ ಹೊರಬಂದವು: ಫರ್ಡಿನಂಡ್ ಕಿಟ್ಟೆಲ್ ಸಂಪಾದಿಸಿದ ಶಬ್ದಮಣಿದರ್ಪಣ ಮತ್ತು ಜೆ. ಬ್ರಿಗೆಲ್ ಬರೆದ ತುಳು ವ್ಯಾಕರಣ. ಉಳ್ ಧಾತುವಿನ ಹಳೆಯ ಕನ್ನಡ ರೂಪಗಳಿಗೆ ಮೊದಲನೆಯದೂ ಬಳಕೆಯಲ್ಲಿದ್ದ ತುಳು ರೂಪಗಳಿಗೆ ಎರಡನೆಯದೂ ಆಕರವಾದವು. ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ನೋಡುವ ಅನುಕೂಲ ಓದುಗನಿಗೆ ಒದಗಿತು. ಎ. ಮೆನ್ನರ್ ಅವರ ತುಳು–ಇಂಗ್ಲಿಷ್ ನಿಘಂಟು 1886ರಲ್ಲಿ, ಕಿಟ್ಟೆಲರ ಕನ್ನಡ–ಇಂಗ್ಲಿಷ್ ನಿಘಂಟು 1894ರಲ್ಲಿ, ಅವರ ಕನ್ನಡ ವ್ಯಾಕರಣ 1903ರಲ್ಲಿ ಬಂದವು. ತುಳುವರೇ ಬರೆದ ವ್ಯಾಕರಣಗಳಲ್ಲಿ ಎಸ್. ಯು. ಪಣಿಯಾಡಿಯವರ ‘ತುಳು ವ್ಯಾಕರಣ’ (1932) ಮುಖ್ಯವಾದದ್ದು. ಆಮೇಲೆ ಡಿ. ಎನ್. ಶಂಕರ ಭಟ್ಟರ ತುಳು ವರ್ಣನಾತ್ಮಕ ವಿಶ್ಲೇಷಣೆ (ಪುಣೆ, 1967), ಉಡುಪಿಯ ಗೋವಿಂದ ಪೈ ಸಂಶೋಧನ ಕೇಂದ್ರದಿಂದ ಯು. ಪಿ. ಉಪಾಧ್ಯಾಯರ ಸಂಪಾದಕತ್ವದಲ್ಲಿ ಆರು ಸಂಪುಟಗಳಲ್ಲಿ ಬಂದ ‘ತುಳು ನಿಘಂಟು’ (1988–1997) ಈ ಕೆಲಸವನ್ನು ಮುಂದುವರಿಸಿದವು.

ತುಳುವಿನ ಉಂಡು

ತುಳುವಿನಲ್ಲಿ ‘ಇರುವುದು’ ಎಂಬುದಕ್ಕೆ ಉಪ್ಪುನಿ ಎನ್ನುತ್ತಾರೆ. ಇದರ ವರ್ತಮಾನ ರೂಪಗಳೆಲ್ಲ ಉಳ್ ಧಾತುವಿನವು. ಸಾಮಾನ್ಯ ಆಡುಮಾತಿನಲ್ಲಿ ಳಕಾರ ಲಕಾರವಾಗಿ, ಅವು ಹೀಗೆ ಕೇಳಿಸುತ್ತವೆ: ಯಾನ್ ಉಲ್ಲೆ (ನಾನು ಇದ್ದೇನೆ), ಈ ಉಲ್ಲ (ನೀನು ಇದ್ದೀ), ಆಯೆ ಉಲ್ಲೆ (ಅವನು ಇದ್ದಾನೆ), ಆಳ್ ಉಲ್ಲಳ್ (ಅವಳು ಇದ್ದಾಳೆ), ಆರ್ ಉಲ್ಲೆರ್ (ಅವರು ಇದ್ದಾರೆ), ಅವು ಉಂಡು (ಅದು ಇದೆ). ಬರವಣಿಗೆಯಲ್ಲಿ ‘ನಾನು’ ಮತ್ತು ‘ಅವನು’ ಎರಡಕ್ಕೂ ಉಲ್ಲೆ ಎಂದೇ ಕಂಡರೂ ಉಚ್ಚಾರದಲ್ಲಿ ಎರಡೂ ಬೇರೆ. ‘ನಾನು’ ಎನ್ನುವಾಗ ಕೊನೆಯ ಎಕಾರವನ್ನು ಬಾಯಿ ಅಗಲಿಸಿ ಹೇಳುತ್ತಾರೆ. ಕನ್ನಡ ಲಿಪಿಯಲ್ಲಿ ಈ ವಿವೃತ ಎಕಾರಕ್ಕೆ ಪ್ರತ್ಯೇಕ ಅಕ್ಷರವಿಲ್ಲ.

ಹಳಗನ್ನಡದ ಒಳೆಂ, ಒಳಳ್, ಒಳರ್, ಉಂಟು ಮತ್ತು ತುಳುವಿನ ಉಲ್ಲೆ, ಉಲ್ಲಳ್, ಉಲ್ಲೆರ್, ಉಂಡು ಇವನ್ನು ಹೋಲಿಸಿದರೆ ಸಾಲಿಗೆ ಸಾಲು ಹೊಂದುತ್ತದೆ. ಕನ್ನಡದಲ್ಲಿ ಕಾವ್ಯದ ಪುಟಗಳಲ್ಲಿ ಮಾತ್ರ ಸಿಗುವ ರೂಪಾವಳಿ ಬಂಟ್ವಾಳದ ಪೇಟೆಯಲ್ಲಿ ತುಳುವಾಗಿ ಬದುಕಿದೆ. ಭೂತಕಾಲದಲ್ಲಿ ತುಳುವೂ ಬೇರೆ ಧಾತುವಿನ ಮೊರೆಹೋಗುತ್ತದೆ: ಅವು ಇತ್ತ್‌ಂಡ್ (ಅದು ಇತ್ತು). ನಿಷೇಧಕ್ಕೆ ಇಜ್ಜಿ.

ಒಡೆಯ ಎಂಬ ಅರ್ಥದ ಉಳ್ಳಾಯ, ಒಡತಿ ಎಂಬ ಅರ್ಥದ ಉಳ್ಳಾಲ್ದಿ ಎಂಬ ತುಳು ಪದಗಳ ರೂಪವೂ ಉಳ್ಳ ಎಂಬ ಕೃದಂತಕ್ಕೆ ಹತ್ತಿರವಾಗಿದೆ. ಬಂಟ್ವಾಳ ತಾಲೂಕಿನ ಅನಂತಾಡಿ ಮತ್ತು ಕೆಲಿಂಜದಲ್ಲಿ ಉಳ್ಳಾಲ್ತಿ ಹೆಸರಿನ ದೈವದ ಪ್ರಸಿದ್ಧ ಸ್ಥಾನಗಳಿವೆ.

ಮೂರು ತಾಲೂಕುಗಳ ಕನ್ನಡದಲ್ಲಿ ಬಳಕೆ

ಈ ಸೀಮೆಯ ಕನ್ನಡದಲ್ಲಿ ಉಂಟು ಬರುವ ಜಾಗಗಳು ಹೆಚ್ಚಾಗಿ ತುಳುವಿನಲ್ಲಿ ಉಂಡು ಬರುವ ಜಾಗಗಳೇ. ಮುಖ್ಯವಾಗಿ ಆರು ಬಗೆ ಹೇಳಬಹುದು.

ಒಂದನೆಯದು ವಸ್ತು, ಪ್ರಾಣಿಗಳ ಇರವು: ‘ಅಂಗಡಿ ಅಲ್ಲೇ ಉಂಟು’, ‘ದನ ಹಟ್ಟಿಯಲ್ಲಿ ಉಂಟು’. ಮನುಷ್ಯರಿಗೆ ಸಾಮಾನ್ಯವಾಗಿ ಇರ್ ಧಾತುವೇ ಬರುತ್ತದೆ: ‘ಅಮ್ಮ ಒಳಗೆ ಇದ್ದಾರೆ’. ಆದರೆ ಲೆಕ್ಕಕ್ಕೋ ಗುಂಪಿಗೋ ಬಂದಾಗ ‘ಜನ ತುಂಬ ಉಂಟು’ ಎನ್ನುತ್ತಾರೆ. ಈ ಹಂಚಿಕೆ ತುಳುವಿನದೇ. ಅಲ್ಲಿ ವಸ್ತುವಿಗೆ ಉಂಡು, ಜನಕ್ಕೆ ಉಲ್ಲೆರ್.

ಎರಡನೆಯದು ಒಡೆತನ: ‘ಅವರಿಗೆ ಎರಡು ಎಕರೆ ತೋಟ ಉಂಟು’.

ಮೂರನೆಯದು ಗುಣ, ಸ್ಥಿತಿ, ತಿಳಿವು: ‘ಚಂದ ಉಂಟು’, ‘ಲಾಯ್ಕುಂಟು’, ‘ಗೊತ್ತುಂಟು’. ತುಳುವಿನ ಪೊರ್ಲುಂಡು, ಗೊತ್ತುಂಡು ಇದಕ್ಕೆ ನೇರ ಸಮಾನ.

ನಾಲ್ಕನೆಯದು ನಡೆಯುತ್ತಿರುವ ಕ್ರಿಯೆ: ‘ಮಳೆ ಬರ್ತಾ ಉಂಟು’. ಕರ್ತೃ ಮನುಷ್ಯನಾದರೆ ‘ಬರ್ತಾ ಇದ್ದಾರೆ’. ತುಳುವಿನಲ್ಲಿ ಕ್ರಮವಾಗಿ ಬರೊಂದುಂಡು, ಬರೊಂದುಲ್ಲೆರ್.

ಐದನೆಯದು ಆಗಬೇಕಾದ ಅಥವಾ ನಿಶ್ಚಯವಾದ ಕೆಲಸ: ‘ನನಗೆ ಉಜಿರೆಗೆ ಹೋಗ್ಲಿಕ್ಕುಂಟು’, ‘ಇನ್ನೂ ಇಬ್ಬರು ಬರ್ಲಿಕ್ಕುಂಟು’. ಮೈಸೂರು ಕಡೆಯವರು ಇಲ್ಲಿ ‘ಹೋಗಬೇಕು’, ‘ಬರಬೇಕು’ ಎನ್ನುತ್ತಾರೆ. ಆದರೆ ಎರಡೂ ಪೂರ್ತಿ ಒಂದೇ ಅಲ್ಲ. ಹೋಗಬೇಕು ಎಂಬುದರಲ್ಲಿ ಒತ್ತಾಯವೋ ಆಸೆಯೋ ಇರುತ್ತದೆ. ಹೋಗ್ಲಿಕ್ಕುಂಟು ಎಂಬುದು ಮುಂದೆ ಬಾಕಿ ಇರುವ ಕೆಲಸವನ್ನು ಹೇಳುತ್ತದೆ, ಅಷ್ಟೆ. ತುಳುವಿನಲ್ಲಿ ಇದು ಪೋವರೆ ಉಂಡು.

ಆರನೆಯದು ಅನುಭವ ಅಥವಾ ರೂಢಿ: ‘ನಾನು ಅಲ್ಲಿಗೆ ಹೋದದ್ದುಂಟು’, ‘ಅವರು ಆಗಾಗ ಬರುವುದುಂಟು’. ಈ ಬಗೆ ಮಾತ್ರ ಕರಾವಳಿಗೆ ಸೀಮಿತವಲ್ಲ. ಶಿಷ್ಟ ಬರವಣಿಗೆಯಲ್ಲಿ ಎಲ್ಲೆಡೆ ಇದೆ.

ಬಿ.ಸಿ.ರೋಡಿನ ಬಸ್ ನಿಲ್ದಾಣದಲ್ಲಿ ಸಾಮಾನ್ಯವಾಗಿ ಕಿವಿಗೆ ಬೀಳುವಂಥ ಮಾತುಕತೆಯ ಮಾದರಿ ಇದು:

‘ಬೆಳ್ತಂಗಡಿಗೆ ಬಸ್ ಉಂಟಾ?’
‘ಉಂಟು ಉಂಟು. ಈಗ ಒಂದು ಬರ್ಲಿಕ್ಕುಂಟು.’
‘ರಶ್ ಉಂಟಾ ಮಾರಾಯ್ರೆ?’
‘ಇವತ್ತು ಮದುವೆ ಉಂಟಲ್ಲ, ಸ್ವಲ್ಪ ಉಂಟು.’

ನಾಲ್ಕು ಮಾತುಗಳಲ್ಲಿ ಇರವು, ಖಚಿತ ಉತ್ತರ, ಬಾಕಿ ಇರುವ ಕ್ರಿಯೆ, ಸ್ಥಿತಿ, ಕಾರ್ಯಕ್ರಮ, ಪ್ರಮಾಣ ಎಲ್ಲಕ್ಕೂ ಒಂದೇ ಕ್ರಿಯಾಪದ ಸಾಕಾಗಿದೆ. ರೂಪ ಬದಲಾಗದಿದ್ದರೂ ಬಾಲಕ್ಕೆ ಅವ್ಯಯಗಳು ಸೇರಿ ಅರ್ಥದ ಛಾಯೆ ಬದಲಾಗುತ್ತದೆ: ಪ್ರಶ್ನೆಗೆ ಉಂಟಾ, ಖಚಿತತೆಗೆ ಉಂಟೇ ಉಂಟು, ಒಪ್ಪಿಗೆ ಬಯಸುವಾಗ ಉಂಟಲ್ಲ, ಕೇಳಿ ತಿಳಿದದ್ದಕ್ಕೆ ಉಂಟಂತೆ, ಅನುಮಾನಕ್ಕೆ ಉಂಟೋ ಏನೋ.

ಉಳಿದ ರೂಪಗಳನ್ನು ಉಂಟು ಬೇರೆ ಧಾತುವಿನಿಂದ ಕಡ ತರುತ್ತದೆ. ಭೂತಕಾಲದಲ್ಲಿ ಇತ್ತು, ಭವಿಷ್ಯತ್ತಿನಲ್ಲಿ ಇರ್ತದೆ, ಸಂಭಾವನೆಯಲ್ಲಿ ಇದ್ದೀತು, ಪಕ್ಷಾರ್ಥದಲ್ಲಿ ಇದ್ದರೆ, ನಿಷೇಧದಲ್ಲಿ ಇಲ್ಲ. ‘ನಿನ್ನೆ ಇತ್ತು, ಇವತ್ತು ಉಂಟು, ನಾಳೆಯೂ ಇರ್ತದೆ’ ಎಂಬ ವಾಕ್ಯದಲ್ಲಿ ವರ್ತಮಾನಕ್ಕೆ ಮಾತ್ರ ಉಳ್, ಉಳಿದೆರಡಕ್ಕೂ ಇರ್. ಆಡುವವನಿಗೆ ಇದು ಎರಡು ಧಾತುಗಳೆಂಬ ಎಚ್ಚರವೇ ಇರುವುದಿಲ್ಲ. ಅವನ ಮಟ್ಟಿಗೆ ಒಂದೇ ಕ್ರಿಯಾಪದದ ಮೂರು ಕಾಲಗಳು.

ನೆರೆಹೊರೆಯ ನುಡಿಗಳು

ಈ ಮೂರು ತಾಲೂಕುಗಳಲ್ಲಿ ತುಳು, ಕನ್ನಡಗಳ ಜೊತೆಗೆ ಕೊಂಕಣಿ, ಬ್ಯಾರಿ, ಹವ್ಯಕ ಕನ್ನಡ, ಮಲಯಾಳ, ಮರಾಠಿ ಮನೆಮಾತಿನವರೂ ಇದ್ದಾರೆ. ಮಲಯಾಳಕ್ಕೆ ಹತ್ತಿರವಾದ ಬ್ಯಾರಿಯಲ್ಲಿ ಉಂಡು ಇದೆ. ಬೆಳ್ತಂಗಡಿ ತಾಲೂಕಿನ ಘಟ್ಟದ ತಪ್ಪಲಿಗೆ ಕೇರಳದಿಂದ ವಲಸೆ ಬಂದ ಕೃಷಿಕ ಕುಟುಂಬಗಳ ಮಲಯಾಳದಲ್ಲಿಯೂ ಉಂಡ್ ಇದೆ. ಹೀಗೆ ತುಳು, ಬ್ಯಾರಿ, ಮಲಯಾಳ ಮೂರೂ ಮನೆಮಾತುಗಳಿಂದ ಕನ್ನಡಕ್ಕೆ ಬರುವವರಿಗೆ ಉಂಟು ಕಿವಿಗೆ ಪರಿಚಿತ. ಕೊಂಕಣಿಯ ಆಸಾ ಬೇರೆ ಮೂಲದ್ದಾದರೂ ಕೊಂಕಣಿಗರು ಕನ್ನಡ ಆಡುವಾಗ ಉಂಟು ಎಂದೇ ಹೇಳುತ್ತಾರೆ.

ಇದಕ್ಕೆ ವ್ಯತಿರಿಕ್ತವಾಗಿ, ವಿಟ್ಲ ಸೀಮೆಯ ಹವ್ಯಕ ಕನ್ನಡದಲ್ಲಿ ‘ಇದೆ’ ಎಂಬುದಕ್ಕೆ ಇದ್ದು, ‘ಇಲ್ಲ’ ಎಂಬುದಕ್ಕೆ ಇಲ್ಲೆ. ಉತ್ತರಕ್ಕೆ ಹೋಗಿ ತುಳುವಿನ ಗಡಿ ದಾಟಿ ಕುಂದಾಪುರ ಸೇರಿದರೆ ವರ್ತಮಾನಕ್ಕೂ ‘ಇತ್ತ್’ ಎಂದೇ ಹೇಳುತ್ತಾರೆ. ಕನ್ನಡವೇ ಮನೆಮಾತಾದ ಈ ಎರಡು ಕಡೆಯೂ ಇರ್ ಧಾತು ಗೆದ್ದಿದೆ. ತುಳು ಇರುವಲ್ಲಿ ಉಂಟು, ಇಲ್ಲದಲ್ಲಿ ಇರ್ ಧಾತು ಎಂಬ ಈ ಹಂಚಿಕೆ, ಉಂಟು ಉಳಿದದ್ದು ತುಳುವಿನ ಆಸರೆಯಿಂದ ಎಂಬುದಕ್ಕೆ ಬಲವಾದ ಸಾಕ್ಷಿ.

ಸಾಹಿತ್ಯದಲ್ಲಿ

ಹಳಗನ್ನಡದ ಚಂಪೂಗಳಲ್ಲಿ ಒಳಂ, ಒಳರ್, ಒಳವು, ಉಂಟು ಎಲ್ಲವೂ ತಮ್ಮತಮ್ಮ ಲಿಂಗವಚನಗಳಲ್ಲಿ ಬರುತ್ತವೆ. ಪಂಪಭಾರತದ ಮೇಲಿನ ದೊಡ್ಡ ಅಧ್ಯಯನವಾದ ‘ನಾಡೋಜ ಪಂಪ’ (1938) ಗ್ರಂಥವನ್ನು ಬರೆದ ಮುಳಿಯ ತಿಮ್ಮಪ್ಪಯ್ಯನವರು ವಿಟ್ಲ ಸೀಮೆಯವರು. ಹಳಗನ್ನಡದ ಪದಗಳನ್ನು ಬಿಡಿಸುವಲ್ಲಿ ತುಳುವಿನ ಪರಿಚಯ ದಕ್ಷಿಣ ಕನ್ನಡದ ಪಂಡಿತರಿಗೆ ಹೆಚ್ಚಿನ ಅನುಕೂಲವಾಗಿತ್ತು.

ವಚನಗಳ ಕಾಲಕ್ಕೆ ಎರಡು ರೂಪಗಳು ಮುಂದೆ ನಿಂತವು: ಉಳ್ಳ ಮತ್ತು ಉಂಟೆ. ಬಸವಣ್ಣನವರ ಸುಪ್ರಸಿದ್ಧ ವಚನವೊಂದು ‘ಉಳ್ಳವರು’ ಎಂಬ ಪದದಿಂದಲೇ ಶುರುವಾಗುತ್ತದೆ. ಧನವೆಂಬ ಮಾತನ್ನೇ ಎತ್ತದೆ ಧನಿಕನನ್ನು ಹೇಳುವ ಈ ಪದ ಇಂದಿನ ರಾಜಕೀಯ ಭಾಷಣದವರೆಗೂ ಬಂದಿದೆ. ಉಂಟೆ ಎಂಬ ಪ್ರಶ್ನಾರೂಪ, ಉತ್ತರ ‘ಇಲ್ಲ’ ಎಂದು ಮೊದಲೇ ಗೊತ್ತಿರುವ ಪ್ರಶ್ನೆಗೆ ಮೀಸಲಾಯಿತು. ವಚನ, ದಾಸರ ಪದ, ಷಟ್ಪದಿ ಕಾವ್ಯಗಳಲ್ಲಿ ಈ ವಾಗ್ಮಿತೆಯ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ.

ಛಂದಸ್ಸು ಕೂಡ ಇದಕ್ಕೆ ನೆರವಾಯಿತು. ಉಂಟು ಒಂದು ಗುರು, ಒಂದು ಲಘು. ಒಟ್ಟು ಮೂರು ಮಾತ್ರೆ. ಮೂರು–ನಾಲ್ಕು ಮಾತ್ರೆಗಳ ಗಣಗಳು ಒಂದಾದ ಮೇಲೊಂದು ಬರುವ ಭಾಮಿನಿ ಷಟ್ಪದಿಯಲ್ಲಿ ಮೂರು ಮಾತ್ರೆಯ ಗಣಕ್ಕೆ ಅದು ಹೆಚ್ಚುಕಡಿಮೆಯಿಲ್ಲದೆ ಕೂರುತ್ತದೆ. ಸಾಂಗತ್ಯದಲ್ಲಂತೂ ಎರಡನೆಯ ಮತ್ತು ನಾಲ್ಕನೆಯ ಸಾಲುಗಳು ಎರಡು ವಿಷ್ಣುಗಣಗಳ ಮೇಲೆ ಒಂದು ಬ್ರಹ್ಮಗಣ ಬಂದು ಮುಗಿಯಬೇಕು. ಎರಡು ಅಂಶಗಳ ಬ್ರಹ್ಮಗಣಕ್ಕೆ ಉಂಟು ತಾನೇ ಒಂದು ಪೂರ್ತಿ ಗಣ. ವಾಕ್ಯದ ಕೊನೆಗೆ ಬರುವ ಕ್ರಿಯಾಪದ ಸಾಲಿನ ಕೊನೆಯ ಗಣವೂ ಆಗಬಲ್ಲದು.

ಸಾಂಗತ್ಯವನ್ನು ಕನ್ನಡದ ದೊಡ್ಡ ಕಾವ್ಯರೂಪವಾಗಿ ಬೆಳೆಸಿದವನು ಮೂಡುಬಿದಿರೆಯ ರತ್ನಾಕರವರ್ಣಿ. ಸುಮಾರು ಹತ್ತು ಸಾವಿರ ಪದ್ಯಗಳ ಅವನ ‘ಭರತೇಶ ವೈಭವ’ 16ನೆಯ ಶತಮಾನದ ನಡುವಿನ ಕೃತಿ. ಪಂಡಿತರ ಚಂಪೂ ಭಾಷೆಯನ್ನು ಬಿಟ್ಟು, ಹಾಡಿದರೆ ಎಲ್ಲರಿಗೂ ತಿಳಿಯುವ ನಡುಗನ್ನಡವನ್ನು ಅವನು ಆರಿಸಿಕೊಂಡ. ಕನ್ನಡಿಗರ ಜೊತೆಗೆ ತುಳುವರಿಗೂ ತೆಲುಗರಿಗೂ ತನ್ನ ಕಾವ್ಯ ಮೆಚ್ಚಿಗೆಯಾಗಲಿ ಎಂಬ ಆಶಯವನ್ನು ಅದರ ಆರಂಭದಲ್ಲಿಯೇ ಹೇಳಿಕೊಂಡಿದ್ದಾನೆ. ತುಳು ಕೇಳುವ ಕಿವಿಗೆ ಕನ್ನಡದಲ್ಲಿ ಬರೆದ ಕವಿ ಅವನು.

ಮೌಖಿಕ ಪರಂಪರೆಯಲ್ಲಿ ಇದೇ ಧಾತುವಿನ ತುಳು ರೂಪಗಳು ಪಾಡ್ದನ, ಸಂಧಿಗಳ ಉದ್ದಕ್ಕೂ ಹರಡಿವೆ. ಬೆಳ್ತಂಗಡಿ ತಾಲೂಕಿನ ಮಾಚಾರಿನ ಗೋಪಾಲ ನಾಯ್ಕರು ಹಾಡಿದ ‘ಸಿರಿ’ ಮಹಾಕಾವ್ಯವನ್ನು ಫಿನ್ಲೆಂಡಿನ ಜಾನಪದ ವಿದ್ವಾಂಸ ಲೌರಿ ಹೊಂಕೊ, ಬಿ. ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡರ ಜೊತೆ ಸೇರಿ 1990ರಲ್ಲಿ ಧ್ವನಿಮುದ್ರಿಸಿಕೊಂಡರು. 15,683 ಸಾಲುಗಳ ಈ ಪಠ್ಯ 1998ರಲ್ಲಿ ಇಂಗ್ಲಿಷ್ ಅನುವಾದದೊಂದಿಗೆ ಪ್ರಕಟವಾಯಿತು. ಒಬ್ಬನೇ ಹಾಡುಗಾರನ ಬಾಯಿಂದ ಬಂದ ಇಷ್ಟು ದೀರ್ಘ ಪಠ್ಯ ತುಳು ಕ್ರಿಯಾಪದಗಳ ಅಧ್ಯಯನಕ್ಕೂ ಒಂದು ದೊಡ್ಡ ಭಂಡಾರ.

ಯಕ್ಷಗಾನ ತಾಳಮದ್ದಳೆ ಕರಾವಳಿಯ ಕನ್ನಡಕ್ಕೆ ಒಂದು ವಿಶಿಷ್ಟ ಶಿಷ್ಟರೂಪವನ್ನು ಕೊಟ್ಟಿತು. ಮನೆಯಲ್ಲಿ ತುಳುವೋ ಹವ್ಯಕವೋ ಆಡುವ ಅರ್ಥಧಾರಿ ವೇದಿಕೆಯಲ್ಲಿ ಗ್ರಾಂಥಿಕಕ್ಕೆ ಹತ್ತಿರವಾದ ಕನ್ನಡ ಆಡುತ್ತಾನೆ. ಅಲ್ಲಿ ಉಂಟು ಆಡುನುಡಿಯ ಪದವಾಗಿ ಬರುವುದಿಲ್ಲ, ವಾದದ ಪದವಾಗಿ ಬರುತ್ತದೆ. ಎದುರಾಳಿಯ ಮಾತನ್ನು ಒಪ್ಪಿಕೊಂಡು ಮುಂದೆ ಮುರಿಯುವಾಗ ‘ಉಂಟು, ಆದರೆ...’ ಎನ್ನುವುದು, ಲೋಕನೀತಿಯನ್ನು ಎತ್ತಿ ಹೇಳುವಾಗ ‘ಎಲ್ಲಾದರೂ ಉಂಟೇ?’ ಎನ್ನುವುದು ಸಾಮಾನ್ಯ. ಬೀದಿಯ ಉಂಟು ಮತ್ತು ಕಾವ್ಯದ ಉಂಟು ಸಂಧಿಸುವ ಜಾಗ ಇದು.

ಹೊಸಗನ್ನಡದಲ್ಲಿ ಬಂಟ್ವಾಳದಲ್ಲಿ ಹುಟ್ಟಿದ ಪಂಜೆ ಮಂಗೇಶರಾಯರು (1874–1937), ಬಂಟ್ವಾಳ ತಾಲೂಕಿನವರೇ ಆದ ಕಡೆಂಗೋಡ್ಲು ಶಂಕರಭಟ್ಟರು (1904–1968) ಕರಾವಳಿಯ ಬರವಣಿಗೆಗೆ ಅಡಿಪಾಯ ಹಾಕಿದ ಪೀಳಿಗೆಗೆ ಸೇರಿದವರು. ಆ ಪೀಳಿಗೆ ಬರೆಯುವಾಗ ಶಿಷ್ಟ ಕನ್ನಡವನ್ನೇ ಹಿಡಿಯಿತು. ಕರಾವಳಿಯ ಸಂಭಾಷಣೆ ಕಾದಂಬರಿಗೆ ಧಾರಾಳವಾಗಿ ಬಂದದ್ದು ಶಿವರಾಮ ಕಾರಂತರ ಕಾಲದಲ್ಲಿ. ‘ಚೋಮನ ದುಡಿ’ (1933) ತುಳುನಾಡಿನ ಬದುಕನ್ನು ಕನ್ನಡದಲ್ಲಿ ಹೇಳಿದ ಕೃತಿ. ತುಳು ಆಡುವ ಪಾತ್ರಗಳಿಗೆ ಯಾವ ಕನ್ನಡ ಆಡಿಸಬೇಕು ಎಂಬ ಪ್ರಶ್ನೆ ಅಂದಿನಿಂದ ಕರಾವಳಿಯ ಪ್ರತಿ ಲೇಖಕನಿಗೂ ಎದುರಾಗಿದೆ. ಪಾತ್ರ ‘ಇದೆ’ ಎಂದರೆ ಊರು ತಪ್ಪುತ್ತದೆ. ‘ಉಂಟು’ ಎಂದರೆ ಓದುಗನಿಗೆ ಊರು ಕೂಡಲೇ ಗೊತ್ತಾಗುತ್ತದೆ. ಬೊಳುವಾರು ಮಹಮ್ಮದ್ ಕುಂಞಿ, ಸಾರಾ ಅಬೂಬಕ್ಕರ್ ಮುಂತಾದವರು ಬ್ಯಾರಿ, ಮಲಯಾಳ ಮನೆಮಾತಿನ ಕುಟುಂಬಗಳ ಕತೆ ಹೇಳುವಾಗಲೂ ಇದೇ ಪ್ರಶ್ನೆಯನ್ನು ತಮ್ಮದೇ ರೀತಿಯಲ್ಲಿ ಬಗೆಹರಿಸಿಕೊಂಡರು.

ಸಿನಿಮಾದಲ್ಲಿ ಮಂಗಳೂರು ಕನ್ನಡ ಬಹುಕಾಲ ಹಾಸ್ಯಪಾತ್ರದ ಭಾಷೆಯಾಗಿತ್ತು. ‘ಎಂತ ಮಾರಾಯ್ರೆ’ ಮತ್ತು ‘ಉಂಟು’ ಎರಡನ್ನು ಸೇರಿಸಿದರೆ ಅಣಕು ಸಿದ್ಧ. ರಕ್ಷಿತ್ ಶೆಟ್ಟಿಯವರ ‘ಉಳಿದವರು ಕಂಡಂತೆ’ (2014), ರಾಜ್ ಬಿ. ಶೆಟ್ಟಿಯವರ ‘ಒಂದು ಮೊಟ್ಟೆಯ ಕಥೆ’ (2017), ರಿಷಬ್ ಶೆಟ್ಟಿಯವರ ‘ಸರಕಾರಿ ಹಿ. ಪ್ರಾ. ಶಾಲೆ ಕಾಸರಗೋಡು’ (2018) ಚಿತ್ರಗಳಲ್ಲಿ ಅದು ನಾಯಕರ, ಮಕ್ಕಳ, ಮೇಷ್ಟ್ರುಗಳ ಭಾಷೆಯಾಯಿತು. ಇವುಗಳಲ್ಲಿ ಎರಡನೆಯ ಚಿತ್ರದ ನಾಯಕ ಕನ್ನಡ ಉಪನ್ಯಾಸಕ.

ಶಿಷ್ಟ ಕನ್ನಡದಲ್ಲಿ

ಕರಾವಳಿಯ ಹೊರಗೆ ಉಂಟು ಪೂರ್ತಿ ಅಳಿದಿಲ್ಲ, ಸಂಯುಕ್ತ ಪದಗಳಲ್ಲಿ ಅಡಗಿದೆ. ಉಂಟಾಗು, ಉಂಟುಮಾಡು ಎಂಬ ಕ್ರಿಯೆಗಳಿಲ್ಲದೆ ಇಂದಿನ ಕನ್ನಡ ಪತ್ರಿಕೆ, ಪಠ್ಯಪುಸ್ತಕ, ಸರ್ಕಾರಿ ಸುತ್ತೋಲೆ ನಡೆಯುವುದಿಲ್ಲ. ರೋಗ ಉಂಟಾಗುತ್ತದೆ, ನಷ್ಟ ಉಂಟಾಗುತ್ತದೆ, ಗೊಂದಲ ಉಂಟುಮಾಡುತ್ತಾರೆ. ಬುದ್ಧಿಯುಳ್ಳ, ಅರ್ಹತೆಯುಳ್ಳ, ಉಳ್ಳವರು ಎಂಬಲ್ಲಿ ಕೃದಂತ ಉಳಿದಿದೆ. ‘ಮಾಡುವುದುಂಟು’, ‘ಕೇಳಿದ್ದುಂಟು’ ಬರವಣಿಗೆಯಲ್ಲಿ ಸಾಮಾನ್ಯ. ‘ಹೀಗೂ ಉಂಟೇ’ ಎಂಬ ಅಚ್ಚರಿಯ ಮಾತು ಟಿವಿ9 ವಾಹಿನಿಯ ಕಾರ್ಯಕ್ರಮವೊಂದರ ಹೆಸರಾಗಿ ರಾಜ್ಯದ ಮನೆಮನೆಗೂ ತಲುಪಿತು.

ಸ್ಥಾನಮಾನ

ಇಂದಿನ ದಕ್ಷಿಣ ಕನ್ನಡವನ್ನು ಒಳಗೊಂಡಿದ್ದ ಪ್ರದೇಶ 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಮದ್ರಾಸ್ ಆಡಳಿತದಲ್ಲಿತ್ತು. ಆ ಬಳಿಕ ಮೈಸೂರು ರಾಜ್ಯದ ಪಠ್ಯ, ಆಕಾಶವಾಣಿ, ಆಮೇಲೆ ದೂರದರ್ಶನಗಳ ಮೂಲಕ ‘ಇದೆ’ ಶಿಷ್ಟರೂಪವಾಗಿ ಕರಾವಳಿಗೂ ಬಂತು. ಈಗ ಈ ಮೂರು ತಾಲೂಕುಗಳ ವಿದ್ಯಾರ್ಥಿ ಉತ್ತರಪತ್ರಿಕೆಯಲ್ಲಿ ‘ಇದೆ’ ಎಂದು ಬರೆದು, ಹೊರಗೆ ಬಂದು ‘ಪೇಪರ್ ಸುಲಭ ಉಂಟು’ ಎನ್ನುತ್ತಾನೆ. ಬೇರೆ ಜಿಲ್ಲೆಗಳ ಸಾವಿರಾರು ವಿದ್ಯಾರ್ಥಿಗಳು ಓದುವ ಮೂಡುಬಿದಿರೆ, ಉಜಿರೆಯಂಥ ವಿದ್ಯಾಕೇಂದ್ರಗಳಲ್ಲಿ ಎರಡೂ ರೂಪಗಳು ಒಂದೇ ಹಾಸ್ಟೆಲಿನಲ್ಲಿ ಕೇಳಿಸುತ್ತವೆ. ಬಯಲುಸೀಮೆಯಿಂದ ಬಂದವರು ಕ್ರಮೇಣ ಉಂಟು ಎನ್ನತೊಡಗುವುದೂ ಉಂಟು.

ಉಂಟು ಎನ್ನುವುದನ್ನು ತುಳುವರು ಮಾಡುವ ತಪ್ಪು ಕನ್ನಡ ಎಂದೋ ಅನುವಾದದ ಕನ್ನಡ ಎಂದೋ ತಿಳಿಯುವವರಿದ್ದಾರೆ. ಆಧಾರಗಳು ಈ ಅಭಿಪ್ರಾಯವನ್ನು ಸಮರ್ಥಿಸುವುದಿಲ್ಲ. ಧಾತು ಕನ್ನಡದ್ದೇ, ರೂಪ ಹಳಗನ್ನಡದ್ದೇ, ಸಾಹಿತ್ಯದ ಪ್ರಯೋಗ ನಿರಂತರವಾದದ್ದು. ತುಳುವಿನಿಂದ ಬಂದದ್ದು ಅದರ ಬಳಕೆಯ ಹರಹು: ‘ಹೋಗ್ಲಿಕ್ಕುಂಟು’, ‘ಬರ್ತಾ ಉಂಟು’ ಮೊದಲಾದ ವಾಕ್ಯರಚನೆಗಳು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಉಂಟು ಕನ್ನಡದ ಹಳೆಯ ಪದವೊಂದು ತುಳುವಿನ ನೆರವಿನಿಂದ ಪಡೆದ ಹೊಸ ವ್ಯಾಪ್ತಿ. ವ್ಯಾಕರಣದ ದೃಷ್ಟಿಯಿಂದ ಅದು ‘ಇದೆ’ಯಷ್ಟೇ ಶುದ್ಧ.